ಶೇಡ್ ನಂಬರ್ ಸರಿ ಇದೆ, ಹಲ್ಲಿನ ಬಣ್ಣ ಮಾತ್ರ ಹೊಂದಿಲ್ಲ!

ಕ್ಯಾಪ್ ಅಂದರೇನು, ಎಷ್ಟು ದಿನ ಬಾಳಿಕೆ ಬರುತ್ತದೆ ಅನ್ನೋದನ್ನೆಲ್ಲ ಈ ಸಲ ಬರೆಯುವುದಿಲ್ಲ. ಬಣ್ಣದ ಬಗ್ಗೆಯೇ ಇಷ್ಟು ಪ್ರಶ್ನೆ ಬಂದಿವೆ, ಅದೂ ಅವೇ ಅವೇ ಪ್ರಶ್ನೆಗಳು.

ಪ್ರಶ್ನೆ: ಮೇಲಿನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿ ಸೆರಾಮಿಕ್ ಕ್ಯಾಪ್ ಹಾಕಿಸಿದೆ. ಕ್ಲಿನಿಕ್ ಕನ್ನಡಿಯಲ್ಲಿ ಚೆನ್ನಾಗಿತ್ತು. ಮನೆ ಅಂಗಳದಲ್ಲಿ ನೋಡಿದರೆ ಬೇರೆಯೇ ಬಣ್ಣ! ಚೀಟಿಯಲ್ಲಿ ‘ಎ2’ ಅಂತಲೇ ಇದೆ. ಡಾಕ್ಟರ್ ಮೋಸ ಮಾಡಿದರಾ? (ದಾವಣಗೆರೆ)

ಮೋಸ ಇರಲಿಕ್ಕಿಲ್ಲ. ಅವಸರ ಇರಬಹುದು, ನಿಮ್ಮದೂ ಸೇರಿ.

ಸೀರೆಗೆ ಬ್ಲೌಸ್ ಪೀಸ್ ತಗೊಳ್ಳುವಾಗ ಅಂಗಡಿ ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ಹಿಡಿದು ನೋಡ್ತೀರಿ, ಅಲ್ವಾ? ಹಲ್ಲಿಗೂ ಅದೇ ಲೆಕ್ಕ. ಒಂದು ಬೆಳಕಲ್ಲಿ ಒಂದೇ ಥರ ಕಾಣುವ ಎರಡು ವಸ್ತು ಇನ್ನೊಂದು ಬೆಳಕಲ್ಲಿ ಬೇರೆ ಬೇರೆ ಕಾಣುತ್ತವೆ. ಕುರ್ಚಿಯ ಮೇಲಿನ ಹಳದಿ ದೀಪದಲ್ಲಿ ಬಣ್ಣ ಆರಿಸಿದರೆ ಅಂಗಳದಲ್ಲಿ ಗುಟ್ಟು ಬಯಲಾಗುತ್ತದೆ. ಆ ದೀಪ ಆಫ್ ಮಾಡಿ, ಕಿಟಕಿ ಹತ್ತಿರ ನಿಲ್ಲಿಸಿ ನೋಡಬೇಕು. ನೇರ ಬಿಸಿಲೂ ಬೇಡ. ಲಿಪ್‌ಸ್ಟಿಕ್ ಹಚ್ಚಿಕೊಂಡು ಬರಬೇಡಿ. ಒರೆಸಿಕೊಳ್ಳಿ ಅಂದರೆ ಬೇಜಾರೂ ಮಾಡ್ಕೋಬೇಡಿ.

ಈಗ ‘ಎ2’ ವಿಷಯ. ಹಲ್ಲಿನ ಪಕ್ಕ ಹಿಡಿದು ಬಣ್ಣ ಹೋಲಿಸುವ ಮಾದರಿಗಳ ಸೆಟ್‌ಗೆ ಶೇಡ್ ಗೈಡ್ ಅಂತಾರೆ. ವೀಟಾ ಕಂಪನಿಯ ಹಳೆಯ ಶೇಡ್ ಗೈಡ್‌ನಲ್ಲಿ 16 ಮಾದರಿ ಹಲ್ಲುಗಳಿವೆ, ಎ2 ಅದರಲ್ಲೊಂದು. ‘ಎ’ ಗುಂಪು ಕೆಂಪು ಮಿಶ್ರಿತ ಕಂದು, ‘ಸಿ’ ಬೂದು, ಹೀಗೆ. ಆದರೆ ಆ ಮಾದರಿ ಹಲ್ಲು ದಪ್ಪ ಪಿಂಗಾಣಿ. ನಿಮ್ಮ ಕ್ಯಾಪ್ ಒಂದು, ಒಂದೂವರೆ ಮಿಲಿಮೀಟರ್. ಹಿಂದೆ ಏನಿದೆಯೋ ಅದು ಇಣುಕುತ್ತದೆ. ರೂಟ್ ಕೆನಾಲ್ ಆದ ಹಲ್ಲು ಕಪ್ಪಾಗಿರಬಹುದು, ಒಳಗೆ ಆಧಾರಕ್ಕೆ ಇಟ್ಟ ಲೋಹದ ಕಡ್ಡಿ (ಪೋಸ್ಟ್) ಇರಬಹುದು. ಅದರ ಮೇಲೆ ಬೆಳಕು ಹಾಯುವಂಥ ಸೆರಾಮಿಕ್ ಕೂರಿಸಿದರೆ ಎ2 ಎ2 ಆಗಿ ಉಳಿಯುವುದಿಲ್ಲ. ಕ್ಯಾಪ್ ಕೂರಿಸಲು ಅರೆದ ಹಲ್ಲಿನ ಬಣ್ಣ ಯಾವುದು ಅಂತಲೂ ಕ್ಯಾಪ್ ಮಾಡುವ ಲ್ಯಾಬ್‌ಗೆ ಬರೆದು ಕಳಿಸಬೇಕು. ಬರೀ ‘ಎ2’ ಅಂತ ಚೀಟಿ ಕಳಿಸುವ ನನ್ನ ಸಹೋದ್ಯೋಗಿಗಳ ಮೇಲೆ ನನಗೆ ಸಿಟ್ಟಿದೆ. ಟೆಕ್ನಿಷಿಯನ್ ಪಾಪ, ನಿಮ್ಮ ಮುಖವನ್ನೇ ನೋಡಿರುವುದಿಲ್ಲ.

ಆರಿಸುವಾಗ ಮೊದಲು ನೋಡಬೇಕಾದ್ದು ಎಷ್ಟು ಬೆಳ್ಳಗಿದೆ, ಎಷ್ಟು ಮಂಕಾಗಿದೆ ಅನ್ನೋದನ್ನ. ಹಳದಿಯೋ ಕೆಂಪೋ ಅನ್ನೋದು ಆಮೇಲೆ. ಅದು ಸ್ವಲ್ಪ ತಪ್ಪಿದರೂ ಕಣ್ಣು ಕ್ಷಮಿಸುತ್ತದೆ, ಬಿಳುಪು ತಪ್ಪಿದರೆ ಹತ್ತು ಅಡಿ ದೂರದಿಂದ ಗೊತ್ತಾಗುತ್ತದೆ. ಅದೇ ವೀಟಾ ಕಂಪನಿ 1998ರಲ್ಲಿ ತಂದ ಹೊಸ ಗೈಡ್‌ನ ಕ್ರಮವೂ ಹೀಗೇ ಇದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸುಲಭ. ಐದು ಸೆಕೆಂಡಿಗಿಂತ ಜಾಸ್ತಿ ದಿಟ್ಟಿಸಬಾರದು. ಕಣ್ಣು ದಣಿಯುತ್ತದೆ, ಆಮೇಲೆ ಎಲ್ಲವೂ ಒಂದೇ ಅನ್ನಿಸುತ್ತದೆ.

ಇದೆಲ್ಲ ಆಗಬೇಕಾದ್ದು ಇಂಜೆಕ್ಷನ್‌ಗೂ ಮುಂಚೆ. ಬಾಯಿ ತೆರೆದೇ ಇದ್ದು ಹಲ್ಲು ಒಣಗಿದರೆ ಬೆಳ್ಳಗಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಲ್ಲು ಅರೆದು ಮುಗಿಸಿ, ಆಮೇಲೆ ಶೇಡ್ ತೆಗೆದೆ, ಅಂದರೆ ಬಣ್ಣ ಹೋಲಿಸಿ ನಂಬರ್ ಬರೆದುಕೊಂಡೆ. ಕ್ಯಾಪ್ ಬಂದಾಗ ಪಕ್ಕದ ಹಲ್ಲುಗಳ ನಡುವೆ ಸುಣ್ಣದ ಕಡ್ಡಿ ಇಟ್ಟ ಹಾಗಿತ್ತು. ನನ್ನ ಖರ್ಚಲ್ಲೇ ಇನ್ನೊಂದು ಮಾಡಿಸಿದೆ.

ನಿಮ್ಮದು ಪರ್ಮನೆಂಟ್ ಸಿಮೆಂಟ್‌ನಲ್ಲಿ ಕೂತಿದ್ದರೆ ಕತ್ತರಿಸಿ ತೆಗೆದು ಹೊಸದು ಮಾಡಿಸಬೇಕು, ಬೇರೆ ಜಾದೂ ಇಲ್ಲ. ಮುಂದಿನ ಸಲ ಅಂಟಿಸುವ ಮೊದಲು ಟ್ರಯಲ್ ಕೇಳಿ. ಸಿಮೆಂಟ್ ಬಣ್ಣವೂ ಕಾಣುತ್ತದೆ, ಅದನ್ನೂ ಟ್ರಯಲ್ ಪೇಸ್ಟ್ ಇಟ್ಟು ನೋಡಬಹುದು. ಕ್ಯಾಪ್ ಜಾಸ್ತಿ ಬೆಳ್ಳಗಿದ್ದರೆ ಲ್ಯಾಬ್‌ನವರು ಮೇಲೆ ಬಣ್ಣ ಹಚ್ಚಿ ಮತ್ತೆ ಸುಟ್ಟು ಮಂಕು ಮಾಡಿ ಕೊಡುತ್ತಾರೆ. ಮಂಕಾಗಿರುವುದನ್ನು ಬೆಳ್ಳಗೆ ಮಾಡಲು ಆಗುವುದಿಲ್ಲ. ಹೊರಗೆ ಹೋಗಿ, ಮನೆಯವರ ಜೊತೆ ನೋಡಿ, ಆಮೇಲೆ ಹೂಂ ಅನ್ನಿ. ಮರುದಿನ ಮದುವೆ ಇದೆ ಅಂತ ಇವತ್ತು ಬಂದರೆ ನಾನಂತೂ ಮುಂದಿನ ಹಲ್ಲು ಮುಟ್ಟುವುದಿಲ್ಲ.

ಪ್ರಶ್ನೆ: ಫೋಟೋ ಕಳಿಸಿದ್ದೇನೆ, ಶೇಡ್ ಹೇಳಿ.

ಹೇಳಲ್ಲ. ಮೊಬೈಲ್ ತನಗೆ ತೋಚಿದ ಬಣ್ಣ ಕೊಡುತ್ತದೆ.

ಪ್ರಶ್ನೆ: ಕ್ಯಾಪ್‌ಗೆ ಬ್ಲೀಚಿಂಗ್ ಮಾಡಬಹುದಾ?

ಪಿಂಗಾಣಿ ಬ್ಲೀಚ್ ಆಗುವುದಿಲ್ಲ. ಮೊದಲು ಹಲ್ಲು ಬ್ಲೀಚ್ ಮಾಡಿಸಿ, ಕಡಿಮೆ ಅಂದರೂ ಎರಡು ವಾರ ಬಿಟ್ಟು ಶೇಡ್ ತೆಗೆಸಿ.

ಪ್ರಶ್ನೆ: ಪಕ್ಕದ ಹಲ್ಲುಗಳನ್ನು ಇದ್ದಿಲು, ನಿಂಬೆರಸದಲ್ಲಿ ಉಜ್ಜಿ ಕ್ಯಾಪ್‌ನಷ್ಟು ಬೆಳ್ಳಗೆ ಮಾಡಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಹಲ್ಲಿನ ಮೇಲಿನ ಬಿಳಿ ಪದರ ಸವೆದು ಒಳಗಿನ ಹಳದಿ ಪದರ ಕಾಣಿಸುತ್ತದೆ. ಆ ವಿಡಿಯೋ ಮಾಡಿದವರ ಹಲ್ಲು ಹತ್ತು ವರ್ಷ ಬಿಟ್ಟು ನೋಡಬೇಕು.

ಪ್ರಶ್ನೆ: ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ನನ್ನ ಹಲ್ಲುಗಳಲ್ಲಿ ಕಂದು ಕಲೆ. ಒಂದೇ ಹಲ್ಲಿಗೆ ಕ್ಯಾಪ್. ಅದರಲ್ಲೂ ಕಲೆ ಬೇಕು ಅಂತಾರೆ ಡಾಕ್ಟರ್. ತಮಾಷೆನಾ? (ಪಾವಗಡ)

ತಮಾಷೆ ಅಲ್ಲ, ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ. ಕಲೆ ಇರುವ ಹಲ್ಲುಗಳ ನಡುವೆ ಒಂದೇ ಒಂದು ಶುಭ್ರ ಹಲ್ಲಿದ್ದರೆ ಎಲ್ಲರೂ ನೋಡುವುದು ಅದನ್ನೇ. ಟೆಕ್ನಿಷಿಯನ್ ಕುಂಚ ಹಿಡಿದು ಪಕ್ಕದ ಹಲ್ಲು ನೋಡಿಕೊಂಡೇ ಕಲೆ ಬರೆಯುತ್ತಾರೆ. ಸಾಧ್ಯವಾದರೆ ನೀವೇ ಲ್ಯಾಬ್‌ಗೆ ಹೋಗಿ ಕೂತುಕೊಳ್ಳಿ, ಹಗಲು ಹೊತ್ತಿನಲ್ಲಿ.