ಮಾತು ಕೇಳಿಸುತ್ತದೆ, ಅರ್ಥ ತಡವಾಗಿ ಹೊಳೆಯುತ್ತದೆ

‘ಏನಂದಿರಿ?’ ಎಂದು ಕೇಳಿದ ಮರುಕ್ಷಣವೇ, ಎದುರಿನವರು ಮತ್ತೆ ಹೇಳುವ ಮೊದಲೇ ಅರ್ಥವಾಗಿಬಿಡುತ್ತದೆ, ಹೀಗೇಕೆ ಎಂದು ಕೇಳಿ ಬರೆದಿದ್ದೀರಿ. ಬಹುಶಃ ಮಾತು ಶುರುವಾದಾಗ ನಿಮ್ಮ ಗಮನ ಬೇರೆಡೆ ಇರುತ್ತದೆ. ಕೇಳಿದ ಧ್ವನಿ ಕೆಲವು ಸೆಕೆಂಡು ನೆನಪಿನಲ್ಲಿ ಉಳಿಯುತ್ತದೆ; ಗಮನ ಹೊರಳಿದ ಮೇಲೆ ಮಿದುಳು ಅದನ್ನೇ ಜಾಲಾಡಿ ಅರ್ಥ ಹಿಡಿಯುತ್ತದೆ. ಆದರೆ ಕಿವಿಯ ದೋಷವೂ ಹೀಗೆಯೇ ತೋರಬಹುದು, ನಿಮ್ಮ ಬರಹವನ್ನಷ್ಟೇ ಓದಿ ಖಚಿತವಾಗಿ ಹೇಳಲಾರೆ.

ಆದ್ದರಿಂದ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಗದ್ದಲದ ನಡುವೆ ಮಾತು ಗ್ರಹಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ನಿಶ್ಶಬ್ದ ಕೋಣೆಯ ಪರೀಕ್ಷೆಯಲ್ಲಿ ಈ ತೊಂದರೆ ಪತ್ತೆಯಾಗದೆ ಹೋಗುವುದುಂಟು.

ಕಿವಿ ಸರಿಯಿದ್ದರೆ, ಮಾತಿನ ವಿಷಯವನ್ನು ಮೊದಲೇ ತಿಳಿದುಕೊಳ್ಳಿ. ನನಗೆ ಹೆಚ್ಚು ನೆರವಾದದ್ದು ಇದೇ. ಮಿದುಳು ಮುಂದಿನ ಪದವನ್ನು ಊಹಿಸುತ್ತಲೇ ಕೇಳುತ್ತದೆ. ‘ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕುಡಿದೆ’ ಎಂಬಂಥ ವಾಕ್ಯದಲ್ಲಿ ಹೊಂದದ ಪದ ಬಂದ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆ ಬದಲಾಗುವುದನ್ನು 1980ರಲ್ಲಿ ವಿಜ್ಞಾನಿಗಳಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ತೋರಿಸಿದರು. ವಿಷಯ ಗೊತ್ತಿದ್ದರೆ ಊಹೆಗೆ ಆಸರೆ ಸಿಗುತ್ತದೆ.

ಮಾತನಾಡುವವರ ಮುಖ ಕಾಣುವಂತೆ ಕುಳಿತುಕೊಳ್ಳಿ, ತುಟಿಯ ಚಲನೆಯೂ ಸುಳಿವು ಕೊಡುತ್ತದೆ. ಅರ್ಥವಾಗದಿದ್ದಾಗ ತಪ್ಪಿದ ಭಾಗವನ್ನಷ್ಟೇ ಕೇಳಿ: ‘ಎಷ್ಟು ಗಂಟೆಗೆ ಅಂದಿರಿ?’

ತೊಂದರೆ ದಿಢೀರನೆ ಶುರುವಾಗಿದ್ದರೆ ಅಥವಾ ಮಾತು ತೊದಲುತ್ತಿದ್ದರೆ ಇದಾವುದಕ್ಕೂ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.