ಪ್ರಾವಿಷನಲ್ ಅರ್ಜಿ ಹಾಕಿದ ಮೇಲೆ ನಿಶ್ಚಿಂತೆಯಿಂದ ಲೇಖನ ಪ್ರಕಟಿಸಬಹುದೇ?

ಮೊದಲು ಪೇಟೆಂಟೋ ಲೇಖನವೋ ಎಂದು ನೀವು ಕೇಳಿದ್ದೀರಿ. 1,600 ರೂಪಾಯಿ ಕಟ್ಟಿ ಪೇಟೆಂಟಿನ ಪ್ರಾವಿಷನಲ್ ಅರ್ಜಿ (ಪೂರ್ಣ ವಿವರಣೆಗೆ ಮುಂಚಿನ ತಾತ್ಕಾಲಿಕ ಅರ್ಜಿ) ಸಲ್ಲಿಸಿದರೆ ಮರುದಿನವೇ ಲೇಖನ ಕಳುಹಿಸಬಹುದು ಎಂದು ನಿಮಗೆ ಯಾರೋ ಹೇಳಿದ್ದಾರೆ. ನನಗೂ ಹೀಗೆಯೇ ಹೇಳಿದ್ದರು.

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಸುಲಿದ ಮೇಲೆ ಉಳಿಯುವ ಸಿಪ್ಪೆಯ ರಾಶಿ ಬೇಗ ಕೊಳೆಯುವುದಿಲ್ಲ. ಆ ರಾಶಿಯ ಅಡಿಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರವೊಂದರ ಕಿಣ್ವದ ಜೀನನ್ನು ಯೀಸ್ಟಿಗೆ ಸೇರಿಸಿ, ಸಿಪ್ಪೆಯ ನಾರನ್ನು ಒಡೆಯುವುದು ನನ್ನ ಪಿಎಚ್.ಡಿ. ಕೆಲಸವಾಗಿತ್ತು. ಲೇಖನದ ಅವಸರದಲ್ಲಿ ಎರಡು ಪುಟದ ಅರ್ಜಿಯನ್ನು ಒಂದೇ ಸಂಜೆ ಬರೆದು ಸಲ್ಲಿಸಿದೆ. ಅದರಲ್ಲಿದ್ದದ್ದು ಶಿಲೀಂಧ್ರದಲ್ಲಿದ್ದಂತೆಯೇ ಇದ್ದ ಮೂಲ ಜೀನ್ ಮಾತ್ರ. ನಿಜವಾಗಿ ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದು ಮೂರು ಅಮೈನೋ ಆಮ್ಲಗಳನ್ನು ಬದಲಿಸಿದ ರೂಪ. ಅದನ್ನು ಪೂರ್ಣ ವಿವರಣೆಯಲ್ಲಿ ಸೇರಿಸಿದರಾಯಿತು, ಹೇಗೂ 12 ತಿಂಗಳ ಅವಕಾಶವಿದೆಯಲ್ಲ ಎಂದುಕೊಂಡು ಬಿಟ್ಟೆ. ನಾಲ್ಕು ತಿಂಗಳಲ್ಲಿ ಲೇಖನ ಪ್ರಕಟವಾಯಿತು, ಬದಲಿಸಿದ ರೂಪದ ಪ್ರತಿಯೊಂದು ವಿವರದ ಸಮೇತ.

ತಪ್ಪಾದದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಲೇಬೇಕು. ಪೇಟೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಆದ್ಯತೆಯ ದಿನಾಂಕ (ಆವಿಷ್ಕಾರ ಹೊಸತೋ ಅಲ್ಲವೋ ಎಂದು ಅಳೆಯುವ ದಿನ) ಇಡೀ ಅರ್ಜಿಗೆ ಸಿಗುವಂಥದ್ದಲ್ಲ, ಒಂದೊಂದು ಕ್ಲೇಮಿಗೂ, ಅಂದರೆ ಹಕ್ಕು ಕೇಳುವ ಒಂದೊಂದು ಅಂಶಕ್ಕೂ, ಬೇರೆ ಬೇರೆಯಾಗಿ ಸಿಗುವಂಥದ್ದು. ಪ್ರಾವಿಷನಲ್‌ನಲ್ಲಿ ಬರೆದದ್ದಕ್ಕೆ ಪ್ರಾವಿಷನಲ್ ಸಲ್ಲಿಸಿದ ದಿನ. ಬರೆಯದೆ ಬಿಟ್ಟದ್ದಕ್ಕೆ ಪೂರ್ಣ ವಿವರಣೆ ಸಲ್ಲಿಸಿದ ದಿನ. ಈ ಎರಡು ದಿನಗಳ ನಡುವೆ ನನ್ನ ಲೇಖನ ಹೊರಬಂದಿತ್ತು. ಮೂಲ ಜೀನಿನ ಕ್ಲೇಮಿಗೆ, ಪ್ರಕೃತಿಯಲ್ಲಿ ಇರುವುದನ್ನು ಕಂಡುಹಿಡಿದದ್ದು ಆವಿಷ್ಕಾರವಲ್ಲ ಎನ್ನುವ 3(ಸಿ) ಸೆಕ್ಷನ್ ಅಡ್ಡ ಬಂತು; ಬದಲಿಸಿದ ರೂಪದ ಕ್ಲೇಮಿಗೆ ನನ್ನದೇ ಲೇಖನ ಅಡ್ಡ ಬಂತು. ಪೇಟೆಂಟ್ ಕಚೇರಿಯ ಆಕ್ಷೇಪಣೆಯ ಪತ್ರದಲ್ಲಿ ಮೊದಲ ಆಧಾರವಾಗಿ ನನ್ನ ಹೆಸರನ್ನೇ ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮೆರಿಕದಲ್ಲಿ ಸ್ವಂತ ಲೇಖನಕ್ಕೆ ಒಂದು ವರ್ಷದ ರಿಯಾಯಿತಿ ಇದೆ. ನಮ್ಮ 31ನೇ ಸೆಕ್ಷನ್ ವಿದ್ವತ್ ಸಂಸ್ಥೆಯ ಮುಂದೆ ಓದಿದ ಅಥವಾ ಅದರ ನಡಾವಳಿಯಲ್ಲಿ ಬಂದ ಪ್ರಬಂಧಕ್ಕೆ ಹೀಗೆ ವಿನಾಯಿತಿ ಕೊಡುತ್ತದೆ, ನನ್ನದು ಖಾಸಗಿ ಪ್ರಕಾಶಕರ ಪತ್ರಿಕೆಯಲ್ಲಿತ್ತು.

ಹಾಗಾಗಿ, ಮೊದಲು ಪೇಟೆಂಟೋ ಲೇಖನವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೇಖನವನ್ನು ಪೂರ್ತಿ ಬರೆದು ಮುಗಿಸಿ, ಎಲ್ಲ ಜೀನ್ ಅನುಕ್ರಮ, ಚಿತ್ರ, ಕೋಷ್ಟಕಗಳ ಸಮೇತ ಅದನ್ನೇ ಪ್ರಾವಿಷನಲ್‌ಗೆ ಸೇರಿಸಿ, ಇನ್ನೂ ಮಾಡದ ಆದರೆ ಮಾಡಬಹುದಾದ ಬದಲಾವಣೆಗಳನ್ನೂ ಬರೆಯಿರಿ. ಪ್ರಾವಿಷನಲ್ ಇಲ್ಲದಿರುವುದಕ್ಕಿಂತ ತೆಳುವಾದ ಪ್ರಾವಿಷನಲ್ ಕೆಟ್ಟದ್ದು, ಏಕೆಂದರೆ ಅದು ಇಲ್ಲದ ಧೈರ್ಯ ಕೊಡುತ್ತದೆ.

ಬರಹದಲ್ಲಿ ಪೂರ್ತಿ ವಿವರಿಸಲಾಗದ ಸೂಕ್ಷ್ಮಜೀವಿ ತಳಿಯಾದರೆ ಅರ್ಜಿಯ ದಿನದೊಳಗೆ ಚಂಡೀಗಢ ಅಥವಾ ಪುಣೆಯಲ್ಲಿರುವಂಥ ಮಾನ್ಯತೆ ಪಡೆದ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿ ಠೇವಣಿ ಇಡಬೇಕು. ನಿಮ್ಮದೇ ತೋಟದ ಮಣ್ಣಿನದಾದರೂ, ಜೀವವೈವಿಧ್ಯ ಕಾಯ್ದೆಯ 2023ರ ತಿದ್ದುಪಡಿಯಂತೆ ಪೇಟೆಂಟ್ ಮಂಜೂರಾಗುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು.

ನೀವು ಈಗಾಗಲೇ ಒಂದು ಪ್ರಾವಿಷನಲ್ ಸಲ್ಲಿಸಿದ್ದು, ಲೇಖನ ಇನ್ನೂ ಹೊರಬಿದ್ದಿಲ್ಲವಾದರೆ, ಬಿಟ್ಟುಹೋದದ್ದನ್ನೆಲ್ಲ ಈ ವಾರವೇ ಎರಡನೆಯ ಪ್ರಾವಿಷನಲ್‌ನಲ್ಲಿ ಬರೆದು ಸಲ್ಲಿಸಿ. ಮೊದಲನೆಯದರಿಂದ 12 ತಿಂಗಳೊಳಗೆ ಎರಡನ್ನೂ ಒಂದೇ ಪೂರ್ಣ ವಿವರಣೆಯಲ್ಲಿ ಕೂಡಿಸಬಹುದು. ಈ ದಾರಿಯಿದೆಯೆಂದು ವಕೀಲರು ನನಗೆ ಹೇಳಿದ್ದು ಲೇಖನ ಪ್ರಕಟವಾದ ಆರು ತಿಂಗಳ ಮೇಲೆ.