ಕೇಸ್ ಶೀಟ್ ಬರೆಯುವುದು, ತಿದ್ದುವುದು

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆ. ಕೆಲಸದ ಒತ್ತಡದಿಂದಾಗಿ ಕೇಸ್ ಶೀಟ್ (ರೋಗಿಯ ತಪಾಸಣೆ, ಚಿಕಿತ್ಸೆಯ ದಾಖಲೆ) ಬರೆಯುವುದು ಪಾಳಿಯ ಕೊನೆಗೆ ಉಳಿಯುತ್ತದೆ. ನಿರ್ಲಕ್ಷ್ಯದ ಆರೋಪ ಬರದಂತೆ ಏನೇನು ಬರೆದಿಡಬೇಕು? ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಬಹುದೇ?

ಉತ್ತರ: ಮೊದಲಿಗೆ, ದಾಖಲೆ ಇರುವುದು ನಿಮ್ಮ ನಂತರದ ಪಾಳಿಯವರು ರೋಗಿಯನ್ನು ಸರಿಯಾಗಿ ನೋಡಿಕೊಳ್ಳಲಿ ಎಂದು, ಆ ಉದ್ದೇಶಕ್ಕೆ ಒದಗುವ ದಾಖಲೆಯೇ ನ್ಯಾಯಾಲಯದಲ್ಲಿಯೂ ನಿಮ್ಮ ನೆರವಿಗೆ ಬರುತ್ತದೆ. ‘ಎದೆನೋವು, ಔಷಧ ಕೊಟ್ಟು ಕಳುಹಿಸಲಾಗಿದೆ’ ಎಂಬ ಒಂದು ಸಾಲಿನಿಂದ ನೀವು ಹೃದಯಾಘಾತದ ಸಾಧ್ಯತೆಯನ್ನು ಯೋಚಿಸಿದ್ದಿರೋ ಇಲ್ಲವೋ ತಿಳಿಯುವುದಿಲ್ಲ. ನೋವು ಎಂದಿನಿಂದ ಇದೆ, ತೋಳಿಗೆ ಹರಡುತ್ತಿರಲಿಲ್ಲ, ಬೆವರಿರಲಿಲ್ಲ, ಇಸಿಜಿ ಎಷ್ಟು ಗಂಟೆಗೆ ತೆಗೆದದ್ದು, ಅದರಲ್ಲಿ ಕಂಡದ್ದೇನು, ಯಾವ ಕಾರಣಕ್ಕೆ ಮನೆಗೆ ಕಳುಹಿಸಿದಿರಿ, ಯಾವ ಲಕ್ಷಣ ಕಂಡರೆ ಕೂಡಲೇ ಮರಳಬೇಕೆಂದು ಹೇಳಿದಿರಿ ಎಂಬುದೆಲ್ಲ ಬರಹದಲ್ಲಿರಬೇಕು. ಇಲ್ಲವೆಂದು ಕಂಡುಕೊಂಡದ್ದನ್ನೂ ಬರೆಯಬೇಕೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ.

ಔಷಧದ ಪ್ರಮಾಣವನ್ನು ಬರೆಯುವಾಗ ಸಂಕ್ಷೇಪಗಳನ್ನು ದಯವಿಟ್ಟು ಬಿಡಿ. ಇನ್ಸುಲಿನ್‌ನ ‘ಯೂನಿಟ್’ ಎಂಬುದನ್ನು ಇಂಗ್ಲಿಷಿನ ‘ಯು’ ಅಕ್ಷರವೊಂದರಿಂದಲೇ ಸೂಚಿಸಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಬಹುದು, 5.0 ಎಂದು ಬರೆದರೆ ಚುಕ್ಕಿ ಮಸುಕಾಗಿ 50 ಆಗಬಹುದು.

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಇದ್ದರಷ್ಟೇ ಸಾಲದು. ಯಾವ ಅಪಾಯಗಳನ್ನು, ಯಾವ ಪರ್ಯಾಯಗಳನ್ನು ವಿವರಿಸಿದಿರಿ ಎಂಬುದೂ ಅಲ್ಲಿರಲಿ. ರೋಗಿ ಚಿಕಿತ್ಸೆಯನ್ನು ನಿರಾಕರಿಸಿದರೆ, ನಿರಾಕರಣೆಯ ಪರಿಣಾಮವನ್ನು ತಿಳಿಸಿದ್ದನ್ನೂ ನಮೂದಿಸಿ. ಫೋನಿನಲ್ಲಿ ಕೊಟ್ಟ ಸಲಹೆಯನ್ನೂ ಹೀಗೆಯೇ ಬರೆದಿಡಿ.

ಇನ್ನು ಸೇರಿಸುವ ಮಾತು. ಸೇರಿಸಬಹುದು, ಆದರೆ ಬಹಿರಂಗವಾಗಿ. ‘ತಡವಾದ ನಮೂದು’ ಎಂದು ಬರೆದು, ಈಗಿನ ದಿನಾಂಕ, ಸಮಯ ಹಾಕಿ, ಘಟನೆ ನಡೆದ ಸಮಯವನ್ನು ಬೇರೆಯಾಗಿ ತಿಳಿಸಿ ಸಹಿ ಮಾಡಿ. ತಪ್ಪು ಬರೆದಿದ್ದರೆ ಹಳೆಯ ಅಕ್ಷರ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ದಿನಾಂಕದೊಂದಿಗೆ ಸಹಿ ಹಾಕಿ. ಬಿಳಿ ಶಾಯಿ ಬಳಿಯುವುದು, ಹಾಳೆ ಬದಲಿಸುವುದು, ಹಳೆಯ ಅಕ್ಷರದ ಮೇಲೆಯೇ ತಿದ್ದುವುದು, ಇವನ್ನು ಎಂದಿಗೂ ಮಾಡಬೇಡಿ. ಚಿಕಿತ್ಸೆ ಸರಿಯಾಗಿಯೇ ಇದ್ದರೂ ತಿದ್ದಿದ ಒಂದು ಹಾಳೆಯಿಂದ ಉಳಿದ ಇಡೀ ಕಡತದ ಮೇಲಿನ ನಂಬಿಕೆ ಹೋಗುತ್ತದೆ. ಸಮರ್ಥಿಸಿಕೊಳ್ಳಬಹುದಾಗಿದ್ದ ಪ್ರಕರಣಗಳೂ ಕೈತಪ್ಪುವುದು ಹೀಗೆಯೇ. ಗಣಕದ ದಾಖಲೆಯಲ್ಲಿ ಯಾರು, ಯಾವಾಗ ಏನನ್ನು ಬದಲಿಸಿದರೆಂಬುದು ಸಾಮಾನ್ಯವಾಗಿ ತಾನಾಗಿಯೇ ಉಳಿದಿರುತ್ತದೆ. ಅಲ್ಲಿ ನಿನ್ನೆಯ ಟಿಪ್ಪಣಿಯನ್ನು ನಕಲಿಸಿ ಅಂಟಿಸುವ ಅಭ್ಯಾಸವೂ ಅಪಾಯಕಾರಿ; ಕ್ಯಾತಿಟರ್ (ದೇಹದೊಳಗೆ ಹಾಕುವ ತೆಳು ನಳಿಕೆ) ತೆಗೆದ ಮೇಲೂ ‘ಕ್ಯಾತಿಟರ್ ಇದೆ’ ಎಂಬ ಸಾಲು ದಿನವೂ ಮುಂದುವರಿಯುತ್ತದೆ.

ದೂರು ಬಂದ ಮೇಲಂತೂ ಆ ಕಡತದಲ್ಲಿ ಒಂದಕ್ಷರವನ್ನೂ ಸೇರಿಸದೆ, ವಕೀಲರ ಸಲಹೆ ಪಡೆದು ವಿವರಣೆಯನ್ನು ಪ್ರತ್ಯೇಕವಾಗಿ ಬರೆದುಕೊಡಿ.